ದೀರ್ಘಸೂತ್ರಿಯ ದಿನಚರಿ

ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ, ಅದರಲ್ಲಿಯೂ 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿಯೂ ಸುತ್ತಣ ಹಳ್ಳಿಗಳಲ್ಲಿಯೂ, ಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ‘ನಾಳೆ ಬಾ’ ಎಂಬ ಎರಡು ಮಾತುಗಳನ್ನು ಬರೆದಿರುತ್ತಿದ್ದುದನ್ನು ಕಣ್ಣಾರೆ ಕಂಡವರು ಇನ್ನೂ ಬಹುಮಂದಿ ಇದ್ದಾರೆ. ರಾತ್ರಿಯ ಹೊತ್ತು ದೆವ್ವವೊಂದು ಬೀದಿಯಲ್ಲಿ ಸಂಚರಿಸುತ್ತ, ಮನೆಯವರಿಗೆ ಪರಿಚಿತವಾದ ದನಿಯಲ್ಲಿ ಹೆಸರು ಹಿಡಿದು ಕೂಗುವುದೆಂದೂ, ಓಗೊಟ್ಟು ಬಾಗಿಲು ತೆರೆದವರು ಉಳಿಯುವುದಿಲ್ಲವೆಂದೂ, ಆದರೆ ಈ ಬರಹವನ್ನು ಓದಿದೊಡನೆ ಅದು ಮರುಮಾತಿಲ್ಲದೆ ಹಿಂದಿರುಗಿ, ಮರುದಿನ ಮತ್ತೆ ಬಂದು, ಮತ್ತೆ ಅದನ್ನೇ ಓದಿ, ಮತ್ತೆ ಹಿಂದಿರುಗುವುದೆಂದೂ ಜನ ಹೇಳಿಕೊಳ್ಳುತ್ತಿದ್ದರು. ದೆವ್ವಕ್ಕೆ ಅಕ್ಷರಜ್ಞಾನವಿತ್ತೆಂಬುದಕ್ಕಿಂತಲೂ, ಮನುಷ್ಯನ ಮಾತಿನಲ್ಲಿ ಅದಕ್ಕಿದ್ದ ವಿಶ್ವಾಸವೇ ನನಗೆ ಹೆಚ್ಚು ಆಶ್ಚರ್ಯಕರವಾಗಿ ತೋರುತ್ತಿತ್ತು. ಈ ಉಪಾಯವನ್ನು ಮೊದಲು ಕಂಡುಹಿಡಿದ ಗೃಹಸ್ಥನು ಯಾರೋ ತಿಳಿಯದು. ಆದರೆ ಆತನು ತನ್ನ ಬಾಗಿಲಿಗೆ ಬಂದ ಕೆಲಸಗಳನ್ನೆಲ್ಲ ಇದೇ ಮಂತ್ರದಿಂದ ಬಹುಕಾಲ ಹಿಂದಕ್ಕೆ ಕಳುಹಿಸಿ ಚೆನ್ನಾಗಿ ಪಳಗಿದವನೇ ಆಗಿದ್ದಿರಬೇಕು.

ಇಂದಿನ ಕೆಲಸವನ್ನು ನಾಳೆಗೆ ನೂಕುವ ಈ ಅಭ್ಯಾಸಕ್ಕೆ ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಬರವಿಲ್ಲ. ಕಾಲಹರಣವೆನ್ನುತ್ತೇವೆ, ಕಾಲವಿಳಂಬವೆನ್ನುತ್ತೇವೆ, ಮುಹೂರ್ತವನ್ನು ನಿಶ್ಚಯಿಸಲಾರದ ಜೋಯಿಸನ ಬೆರಳುಗಳನ್ನು ನೆನೆದು ‘ಮೀನ ಮೇಷ ಎಣಿಸುವುದು’ ಎನ್ನುತ್ತೇವೆ. ಇವೆಲ್ಲಕ್ಕಿಂತ ಅರ್ಥವತ್ತಾದದ್ದು ‘ದೀರ್ಘಸೂತ್ರತೆ’ ಎಂಬ ಹಳೆಯ ಮಾತು. ನೂಲನ್ನು ಉದ್ದಕ್ಕೆ ಎಳೆಯುತ್ತ ಹೋಗುವವನು, ಬಟ್ಟೆಯನ್ನು ಮಾತ್ರ ಎಂದಿಗೂ ನೇಯದವನು, ದೀರ್ಘಸೂತ್ರಿ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಮೂರು ಮೀನುಗಳ ಕಥೆಯಲ್ಲಿ, ಕೆರೆಯ ನೀರು ಬತ್ತುವುದನ್ನು ಮುಂಗಂಡು ಹೊರಟುಹೋದದ್ದು ಒಂದು, ಬಲೆಯಲ್ಲಿ ಸಿಕ್ಕಿದ ಮೇಲೆ ಸಮಯಸ್ಫೂರ್ತಿಯಿಂದ ತಪ್ಪಿಸಿಕೊಂಡದ್ದು ಇನ್ನೊಂದು. ಅವಸರವೇನೆಂದು ಕುಳಿತು ಪ್ರಾಣ ಕಳೆದುಕೊಂಡ ಮೂರನೆಯದರ ಹೆಸರೇ ದೀರ್ಘಸೂತ್ರ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತಾಮಸಕರ್ತನ ಲಕ್ಷಣಗಳನ್ನು ಹೇಳುವೆಡೆಯಲ್ಲಿಯೂ ಈ ಮಾತು ಬರುತ್ತದೆ. ಆ ಪಟ್ಟಿಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ಬಿಡುವ ಒಂದು ಸಂಗತಿಯಿದೆ. ಅಲ್ಲಿ ಸೋಮಾರಿಯು ಬೇರೆ, ದೀರ್ಘಸೂತ್ರಿಯು ಬೇರೆ; ಅಷ್ಟೇ ಅಲ್ಲ, ಅವರಿಬ್ಬರ ನಡುವೆ, ಇಬ್ಬರನ್ನೂ ಬೇರ್ಪಡಿಸುವ ಗೋಡೆಯಂತೆ, ವಿಷಾದಿಯು ಕುಳಿತಿದ್ದಾನೆ. ಈ ಮೂವರನ್ನು ಒಂದೇ ಸಾಲಿನಲ್ಲಿ ಕೂರಿಸಿದವರು ಅದನ್ನು ಯೋಚಿಸಿಯೇ ಮಾಡಿದರೋ, ಛಂದಸ್ಸಿನ ಅನುಕೂಲಕ್ಕಾಗಿ ಮಾಡಿದರೋ ಹೇಳುವ ಪಾಂಡಿತ್ಯ ನನಗಿಲ್ಲ. ಆದರೆ ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದೆಲ್ಲ ಹೆಚ್ಚುಕಡಮೆ ಆ ಸಾಲಿನಲ್ಲಿಯೇ ಅಡಗಿದೆ.

ಏಕೆಂದರೆ, ಕೆಲಸವನ್ನು ಮುಂದೂಡುವವನನ್ನು ಸೋಮಾರಿಯೆಂದು ಕರೆಯುವುದು ಲೋಕರೂಢಿಯಾದರೂ, ಇಬ್ಬರನ್ನೂ ಹತ್ತಿರದಿಂದ ನೋಡಿದವರು ಆ ತಪ್ಪನ್ನು ಮಾಡಲಾರರು. ನಿಜವಾದ ಸೋಮಾರಿಯು ಮಧ್ಯಾಹ್ನದ ಊಟವಾದ ಮೇಲೆ ಚಾಪೆ ಹಾಸಿ ಮಲಗುತ್ತಾನೆ, ನಿದ್ರೆಯನ್ನೂ ಮಾಡುತ್ತಾನೆ. ಆತನ ಮುಖದಲ್ಲಿ ಯೋಗಿಯ ಮುಖದಲ್ಲಿರತಕ್ಕ ಶಾಂತಿಯಿರುತ್ತದೆ. ದೀರ್ಘಸೂತ್ರಿಗೆ ಆ ಭಾಗ್ಯವಿಲ್ಲ. ಆತನು ಮಲಗಿದರೆ ಕೆಲಸವೂ ಪಕ್ಕದಲ್ಲಿ ಮಲಗುತ್ತದೆ. ಪರೀಕ್ಷೆಯ ಹಿಂದಿನ ವಾರ ಪುಸ್ತಕಗಳಿಗೆಲ್ಲ ಹೊಸ ರಟ್ಟು ಹಾಕಿ, ಮೇಜನ್ನು ಒರೆಸಿ, ಬಣ್ಣಬಣ್ಣದ ಶಾಯಿಯಲ್ಲಿ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುವ ಹುಡುಗನನ್ನು ನೋಡಿರಿ. ವರಮಾನ ತೆರಿಗೆಯ ಲೆಕ್ಕವನ್ನು ಬರೆಯಲು ಕುಳಿತೊಡನೆ, ಹತ್ತು ವರ್ಷಗಳಿಂದ ಅಟ್ಟದ ಮೇಲಿದ್ದ ಹಿತ್ತಾಳೆಯ ಪಾತ್ರೆಗಳಿಗೆ ಹುಣಸೆಹಣ್ಣು ತಿಕ್ಕುವ ಸಂಕಲ್ಪ ಮಾಡುವ ಗೃಹಸ್ಥನನ್ನು ನೋಡಿರಿ. ಇವರು ದುಡಿಯುತ್ತಿಲ್ಲವೆಂದು ಯಾರು ಹೇಳಬಲ್ಲರು? ಮಾಡಬೇಕಾದ ಒಂದನ್ನು ಬಿಟ್ಟು ಮಿಕ್ಕ ಹತ್ತನ್ನು ಇವರು ಬೆವರು ಸುರಿಸಿ ಮಾಡುತ್ತಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರಜ್ಞ ಜಾನ್ ಪೆರ್ರಿ ಎಂಬವರು ಈ ಗುಣವನ್ನೇ ಹಿಡಿದು, ಪಟ್ಟಿಯ ತುದಿಯಲ್ಲಿ ಬಹು ದೊಡ್ಡದೊಂದು ಕೆಲಸವನ್ನು ಇಟ್ಟುಕೊಂಡರೆ ಅದನ್ನು ತಪ್ಪಿಸಿಕೊಳ್ಳುವ ನೆಪದಲ್ಲಿ ಕೆಳಗಿನವೆಲ್ಲ ಮುಗಿದುಹೋಗುತ್ತವೆಂದು ವಿನೋದವಾದ ಪ್ರಬಂಧವೊಂದನ್ನು ಬರೆದರು. ಅದಕ್ಕಾಗಿ 2011ರಲ್ಲಿ ಅವರಿಗೆ ‘ಇಗ್ ನೊಬೆಲ್’ ಎಂಬ ನಗೆಗೂಡಿದ ಬಹುಮಾನವೂ ದೊರೆಯಿತು.

ನನ್ನ ಸ್ವಂತ ಅನುಭವವನ್ನು ಹೇಳದೆ ಪರರ ದೋಷಗಳನ್ನೇ ಎಣಿಸುತ್ತ ಹೋಗುವುದು ಸೌಜನ್ಯವಲ್ಲ. ಕೆಲವು ವರ್ಷಗಳ ಕೆಳಗೆ, ತೀರ್ಥಹಳ್ಳಿಯ ಕಡೆಯಲ್ಲಿ ತೋಟ ಮಾಡಿಕೊಂಡಿರುವ ನನ್ನ ಬಾಲ್ಯಸ್ನೇಹಿತನೊಬ್ಬನ ಹೆಂಡತಿ ತೀರಿಕೊಂಡರು. ಸುದ್ದಿ ಬಂದ ದಿನವೇ ಒಂದು ಕಾಗದ ಬರೆಯಬೇಕೆಂದುಕೊಂಡೆ. ಎರಡು ಸಾಲಿನ ಸಂತಾಪವಾಗಿದ್ದರೆ ಅರ್ಧ ಗಳಿಗೆಯ ಕೆಲಸ. ಆದರೆ ಆಕೆ ನನಗೆ ಎಷ್ಟೋ ಸಲ ಕೈಯಾರೆ ಬಡಿಸಿದ ತಾಯಿ; ಆತನೋ ಒಂದೇ ಬೆಂಚಿನ ಗೆಳೆಯ; ಅಂಥವನಿಗೆ ಎಲ್ಲರೂ ಬರೆಯುವಂತೆ ‘ದೇವರು ನಿಮಗೆ ದುಃಖವನ್ನು ಭರಿಸುವ ಶಕ್ತಿಯನ್ನು ಕೊಡಲಿ’ ಎಂದು ಬರೆಯುವುದಕ್ಕೆ ಮನಸ್ಸು ಒಪ್ಪಲಿಲ್ಲ. ಒಳ್ಳೆಯ ಮಾತು ತೋಚಲಿ, ಭಾನುವಾರ ಸಾವಧಾನವಾಗಿ ಬರೆಯೋಣವೆಂದು ಬಿಟ್ಟೆ. ಭಾನುವಾರ ನೆಂಟರು ಬಂದರು. ಒಂದು ವಾರ ಕಳೆದ ಮೇಲೆ, ತಡವಾದುದಕ್ಕೆ ಕ್ಷಮೆ ಕೇಳುವ ಒಂದು ವಾಕ್ಯವನ್ನು ಸೇರಿಸಬೇಕಾಯಿತು. ಒಂದು ತಿಂಗಳು ಕಳೆದ ಮೇಲೆ ಒಂದು ವಾಕ್ಯ ಸಾಲದೆ ಕಾರಣಗಳನ್ನೂ ಹೇಳಬೇಕಾಯಿತು. ಮೂರು ತಿಂಗಳಾಗುವ ಹೊತ್ತಿಗೆ ಸಂತಾಪಕ್ಕಿಂತ ಸಮಜಾಯಿಷಿಯೇ ಉದ್ದವಾಗುವ ಆ ಪತ್ರವನ್ನು ಬರೆಯುವುದು ಸಾಧ್ಯವೇ ಇಲ್ಲವೆಂಬ ಸ್ಥಿತಿಗೆ ಬಂದೆ. ಸಾಲದ ಬಡ್ಡಿಯಂತೆ, ಬರೆಯದ ದಿನಗಳು ಬರೆಯಬೇಕಾದ ಕಾಗದವನ್ನು ಬೆಳೆಸುತ್ತಲೇ ಹೋದವು. ‘ಆ ಕಾಗದ ಬರೆದಿರಾ?’ ಎಂದು ಮನೆಯಾಕೆ ಆಗಾಗ ಕೇಳುವಳು. ‘ನಾಳೆ ಬರೀತೀನಿ’ ಎಂದು ನಾನು ಹೇಳುವೆನು. ಒಂದು ದಿನ ಆಕೆ, ‘ಹಾಗಾದರೆ ಬಾಗಿಲ ಮೇಲೆ ಬರೆದಿಟ್ಟುಬಿಡಿ, ದಿನಾ ಬಾಯಿ ನೋಯಿಸಿಕೊಳ್ಳೋದು ಯಾಕೆ?’ ಎಂದಳು.

ನನ್ನಂಥವನಿಗೆ ಸಮಾಧಾನವನ್ನು ಕೊಡತಕ್ಕ ವೃತ್ತಾಂತವೊಂದು ಅರ್ಥಶಾಸ್ತ್ರದ ಗ್ರಂಥಭಂಡಾರದಲ್ಲಿದೆ. ಅದು ನಡೆದದ್ದೂ ಭಾರತದಲ್ಲಿಯೇ. ಜಾರ್ಜ್ ಆಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಇಲ್ಲಿ ವಾಸವಾಗಿದ್ದಾಗ, ಅವರನ್ನು ನೋಡಲು ಬಂದಿದ್ದ ಸ್ನೇಹಿತ ಜೋಸೆಫ್ ಸ್ಟಿಗ್ಲಿಟ್ಸ್ ಅವರು, ವಿಮಾನದಲ್ಲಿ ಒಯ್ಯಬಹುದಾದ ಸಾಮಾನಿಗೆ ಮಿತಿಯಿದ್ದುದರಿಂದ, ಬಟ್ಟೆಗಳ ಒಂದು ಪೆಟ್ಟಿಗೆಯನ್ನು ಇವರಲ್ಲಿ ಬಿಟ್ಟು, ಅಮೆರಿಕಕ್ಕೆ ಕಳುಹಿಸಿಕೊಡಬೇಕೆಂದು ಹೇಳಿ ಹೋದರು. ಇಲ್ಲಿಯ ಕಚೇರಿಗಳ ನಿಧಾನಗತಿಯನ್ನೂ ತಮ್ಮ ವ್ಯವಹಾರಜ್ಞಾನದ ಅಭಾವವನ್ನೂ ಕೂಡಿಸಿ ಲೆಕ್ಕ ಹಾಕಿದ ಆಕರ್ಲಾಫರಿಗೆ, ಅದನ್ನು ಕಳುಹಿಸುವುದಕ್ಕೆ ಇಡೀ ಒಂದು ದಿನ ಹಿಡಿಯುವುದೆಂದು ತೋರಿತು. ಎಂಟು ತಿಂಗಳಿಗೂ ಮಿಕ್ಕಿ, ಪ್ರತಿದಿನವೂ ಬೆಳಗ್ಗೆ ಎದ್ದು, ಮರುದಿನ ಬೆಳಗ್ಗೆ ಪೆಟ್ಟಿಗೆಯನ್ನು ಕಳುಹಿಸತಕ್ಕದ್ದೆಂದು ಅವರು ನಿರ್ಧರಿಸಿದರು. ಕೊನೆಗೆ ಅದು ಹೋದದ್ದು, ಸ್ವದೇಶಕ್ಕೆ ಹಿಂದಿರುಗುತ್ತಿದ್ದ ಮತ್ತೊಬ್ಬ ಮಿತ್ರರ ಸಾಮಾನುಗಳ ಜೊತೆಯಲ್ಲಿ. ಇದನ್ನು ಅವರು 1991ರಲ್ಲಿ ಅಚ್ಚಾದ ತಮ್ಮ ಪ್ರಸಿದ್ಧ ಉಪನ್ಯಾಸದ ಆರಂಭದಲ್ಲಿ ತಾವೇ ಹೇಳಿಕೊಂಡಿದ್ದಾರೆ. ಪೆಟ್ಟಿಗೆಯನ್ನು ಬಿಟ್ಟುಹೋದವರಿಗೂ ಕಳುಹಿಸದೆ ಇಟ್ಟುಕೊಂಡವರಿಗೂ 2001ರಲ್ಲಿ ನೊಬೆಲ್ ಪಾರಿತೋಷಕವು ಒಟ್ಟಿಗೇ ಬಂದಿತೆಂಬುದು ಬೇರೆ ಮಾತು. ಬುದ್ಧಿಗೂ ಈ ವ್ಯಾಧಿಗೂ ವೈರವಿಲ್ಲವೆಂಬುದು ಅದರಿಂದ ಸಿದ್ಧವಾಗುತ್ತದೆ.

ಆಕರ್ಲಾಫರು ಇದರಿಂದ ತೆಗೆದ ತತ್ತ್ವವು ಸರಳವಾದುದು. ಇಂದು ಪಡಬೇಕಾದ ಶ್ರಮವು ಕಣ್ಣೆದುರಿಗಿದ್ದು ಗುಡ್ಡದಂತೆ ಕಾಣುತ್ತದೆ. ಒಂದು ದಿನ ತಡಮಾಡಿದುದರಿಂದ ಆಗುವ ನಷ್ಟವು ಸಾಸಿವೆಯಷ್ಟು. ಗುಡ್ಡವನ್ನೂ ಸಾಸಿವೆಯನ್ನೂ ತೂಗಿ ನೋಡಿದಾಗ ನಾಳೆಯೇ ಲೇಸೆಂದು ಪ್ರತಿದಿನವೂ ಕಾಣುವುದು ಸಹಜ; ಪ್ರತಿಯೊಂದು ದಿನದ ನಿರ್ಣಯವೂ ತನ್ನಷ್ಟಕ್ಕೆ ಸಮಂಜಸವೇ; ಆದರೆ ಸಾಸಿವೆಯ ಮೇಲೆ ಸಾಸಿವೆ ಬಿದ್ದು ಇನ್ನೂರೈವತ್ತು ದಿನಗಳಾದಾಗ ಅದೂ ಒಂದು ಗುಡ್ಡವಾಗಿರುತ್ತದೆ. ಇದು ಲೆಕ್ಕದ ಮಾತಾಯಿತು. ಆದರೆ ಇಂದಿನ ಶ್ರಮವು ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದೇಕೆ? ಸಂತಾಪಪತ್ರವನ್ನು ಬರೆಯಲು ಕೈಗೆ ಏನು ನೋವಾಗುತ್ತಿತ್ತು?

ಈ ಪ್ರಶ್ನೆಗೆ ಮನಶ್ಶಾಸ್ತ್ರಜ್ಞರು ಇತ್ತೀಚೆಗೆ ಕೊಡುವ ಉತ್ತರವೇ ನನಗೆ ಗೀತೆಯ ವಿಷಾದಿಯನ್ನು ನೆನಪಿಗೆ ತಂದದ್ದು. ಬಹುಕಾಲದವರೆಗೆ ಇದನ್ನು ಕಾಲವನ್ನು ಹಂಚಿಕೊಳ್ಳಲು ಬಾರದವರ ದೋಷವೆಂದೇ ಭಾವಿಸಲಾಗಿತ್ತು. ಆದರೆ ಫ್ಯೂಷಾ ಸಿರೋಯಿಸ್, ಟಿಮೊತಿ ಪಿಚಿಲ್ ಎಂಬಿಬ್ಬರು ವಿದ್ವಾಂಸರು 2013ರ ತಮ್ಮ ಲೇಖನದಲ್ಲಿ, ಮುಂದೂಡುವವನು ತಪ್ಪಿಸಿಕೊಳ್ಳುತ್ತಿರುವುದು ಕೆಲಸದಿಂದಲ್ಲ, ಆ ಕೆಲಸವನ್ನು ನೆನೆದೊಡನೆ ಹುಟ್ಟುವ ಕಹಿಯಾದ ಭಾವದಿಂದ, ಎಂದು ಪ್ರತಿಪಾದಿಸಿದರು. ಬೇಸರವೋ, ಭಯವೋ, ತಾನು ಇದಕ್ಕೆ ತಕ್ಕವನಲ್ಲವೆಂಬ ಸಂಕೋಚವೋ, ಯಾವುದೋ ಒಂದು ಮುಳ್ಳು ಆ ಕೆಲಸದಲ್ಲಿರುತ್ತದೆ. ‘ನಾಳೆ’ ಎಂದೊಡನೆ ಮುಳ್ಳು ತೆಗೆದಂತೆ ಹಾಯೆನಿಸುತ್ತದೆ. ಆ ಹಾಯೇ ಕೂಲಿಯಾಗಿ, ಮುಂದಿನ ಸಲವೂ ಮನಸ್ಸು ಅದನ್ನೇ ಬೇಡುತ್ತದೆ. ನನಗೆ ಬೇಕಾಗಿದ್ದದ್ದು ಬಿಡುವಲ್ಲ. ಕಾಗದದ ಮುಂದೆ ಕುಳಿತರೆ ಆ ಸಾವನ್ನು ನೆನೆಯಬೇಕಾಗುತ್ತಿತ್ತು. ನೆನೆಯಲು ನಾನು ಸಿದ್ಧನಿರಲಿಲ್ಲ. ಅಷ್ಟೇ.

ಹಾಯೆನಿಸುವುದು ಸುಳ್ಳೂ ಅಲ್ಲ. ಡಯಾನ್ ಟೈಸ್, ರಾಯ್ ಬೌಮೈಸ್ಟರ್ ಎಂಬವರು ವಿದ್ಯಾರ್ಥಿಗಳನ್ನು ಒಂದು ಅವಧಿಯುದ್ದಕ್ಕೂ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಮೊದಲು ಮುಂದೂಡುವವರೇ ಉಳಿದವರಿಗಿಂತ ಹೆಚ್ಚು ನೆಮ್ಮದಿಯಿಂದಲೂ ಆರೋಗ್ಯದಿಂದಲೂ ಇದ್ದರೆಂದು ಕಂಡುಬಂದಿತು. ಅವಧಿಯ ಕೊನೆಯಲ್ಲಿ ಮಾತ್ರ ತಕ್ಕಡಿ ಮಗುಚಿತು: ಅವರ ಉದ್ವೇಗವೂ ಕಾಯಿಲೆಯೂ ಇತರರದನ್ನು ಮೀರಿದವು, ಅಂಕಗಳೂ ಕಡಮೆಯಾದವು, ಒಟ್ಟು ಲೆಕ್ಕದಲ್ಲಿ ಅವರು ಅನುಭವಿಸಿದ ಕಷ್ಟವೇ ಹೆಚ್ಚು. ಸಾಲದ ಹಣದಲ್ಲಿ ಹಬ್ಬ ಮಾಡಿದವನ ಸಂತೋಷವೂ ಸಂತೋಷವೇ ಅಲ್ಲವೆ?

ಈ ಸಾಲವನ್ನು ತೀರಿಸತಕ್ಕವನು ಯಾರೆಂಬುದರಲ್ಲಿಯೂ ಒಂದು ಮೋಸವಿದೆ. ನಾಳೆ ಬೆಳಗ್ಗೆ ಐದು ಗಂಟೆಗೆ ಎದ್ದು, ವಾಯುಸೇವನೆ ಮಾಡಿ, ಉತ್ಸಾಹದಿಂದ ಕಡತವನ್ನು ತೆರೆಯುವ ಆ ಮಹಾಪುರುಷನು ನಾನೇ ಎಂದು ನಾವು ಬಾಯಿಯಲ್ಲಿ ಹೇಳಿದರೂ, ಮನಸ್ಸಿನಲ್ಲಿ ಅವನನ್ನು ನಮ್ಮ ಮನೆಯ ಬಿಟ್ಟಿ ಆಳೆಂದೇ ಎಣಿಸಿರುತ್ತೇವೆ. ಅವನಿಗೆ ಆಯಾಸವಿಲ್ಲ, ತಲೆನೋವಿಲ್ಲ, ನೆಂಟರಿಲ್ಲ. ಕೆನಡಾದಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು, ಪದವಿಗಾಗಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಅದು ಎಷ್ಟು ದಿನಗಳಲ್ಲಿ ಮುಗಿದೀತೆಂದು ಕೇಳಿದಾಗ ಬಂದ ಸರಾಸರಿ ಉತ್ತರವು ಸುಮಾರು 34 ದಿನ; ಎಲ್ಲವೂ ಕೈಕೊಟ್ಟು ಕೆಟ್ಟರೆ ಎಷ್ಟೆಂದು ಕೇಳಿದಾಗ ಸುಮಾರು 49 ದಿನ; ವಸ್ತುತಃ ಹಿಡಿದದ್ದು 55ಕ್ಕೂ ಹೆಚ್ಚು. ತಮ್ಮ ದುಃಸ್ವಪ್ನಕ್ಕಿಂತಲೂ ಒಂದು ವಾರ ತಡವಾದರು ಎಂದಾಯಿತು. 1994ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಓದಿದಾಗ, ಮನೆ ಕಟ್ಟಿಸಿದ ನಮ್ಮ ಬಂಧುಗಳೆಲ್ಲರ ಗೃಹಪ್ರವೇಶದ ಆಹ್ವಾನಪತ್ರಿಕೆಗಳು ಸಾಲಾಗಿ ನನ್ನ ಕಣ್ಣ ಮುಂದೆ ಬಂದವು.

ಧರ್ಮರಾಯನ ವಿಷಯವಾಗಿ ನಮ್ಮ ಜನ ಹೇಳುವ ಕಥೆಯೊಂದು ಇಲ್ಲಿ ಪ್ರಸ್ತುತ. ದಾನ ಬೇಡಲು ಬಂದ ಬ್ರಾಹ್ಮಣನಿಗೆ ಆತನು ‘ನಾಳೆ ಬಾ’ ಎಂದನಂತೆ; ಅದನ್ನು ಕೇಳಿದ ಭೀಮಸೇನನು ಓಡಿಹೋಗಿ ಜಯಭೇರಿಯನ್ನು ಹೊಡೆಯತೊಡಗಿದನಂತೆ. ಏನು ಗೆಲುವೆಂದು ಕೇಳಿದರೆ, ನಮ್ಮಣ್ಣನು ನಾಳೆಯವರೆಗೆ ಕಾಲವನ್ನು ಗೆದ್ದಿದ್ದಾನಲ್ಲ, ನಾಳೆ ತಾನೂ ಇರುವುದಾಗಿ, ಬ್ರಾಹ್ಮಣನೂ ಇರುವುದಾಗಿ, ಕೊಡುವ ಮನಸ್ಸೂ ಇರುವುದಾಗಿ ಖಚಿತಪಡಿಸಿಕೊಂಡಿದ್ದಾನಲ್ಲ ಎಂದನಂತೆ. ಬಾಗಿಲ ಮೇಲೆ ಬರೆದ ಅದೇ ಎರಡು ಮಾತುಗಳು! ದೆವ್ವಕ್ಕೆ ಹೇಳಿದಾಗ ಜಾಣತನವಾದದ್ದು ಬ್ರಾಹ್ಮಣನಿಗೆ ಹೇಳಿದಾಗ ಹಾಸ್ಯಕ್ಕೆ ಗುರಿಯಾಯಿತು. ಈ ಕಥೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಭೀಮನು ಉಪದೇಶ ಮಾಡದೆ ಭೇರಿ ಹೊಡೆದದ್ದು.

ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಈ ರೋಗವು ನಮ್ಮಷ್ಟು ತಗಲಲಿಲ್ಲವೇಕೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅವರು ನಮಗಿಂತ ದೃಢಮನಸ್ಕರೆಂದಲ್ಲ. ಅವರ ಕಾಲಕ್ಕೆ ‘ಹದ’ವೆಂಬುದಿದೆ. ರೋಹಿಣಿ, ಮೃಗಶಿರ, ಆರಿದ್ರೆ ಎಂದು ಮಳೆಯ ನಕ್ಷತ್ರಗಳನ್ನು ಎಣಿಸುವ ರೈತನಿಗೆ, ನೆಲದ ಹದವು ಬಂದ ಮೂರು ದಿನಗಳಲ್ಲಿ ಬಿತ್ತದಿದ್ದರೆ ಆ ಹಂಗಾಮೇ ಕೈಬಿಟ್ಟುಹೋಯಿತೆಂಬುದು ಯಾರೂ ಕಲಿಸಬೇಕಾದ ಪಾಠವಲ್ಲ. ಅಡುಗೆಯವಳಿಗೆ ಬೆಲ್ಲದ ಪಾಕವು ಎಳೆಗಟ್ಟುವ ಹದವನ್ನು ನಾಳೆಗೆ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ಅಲ್ಲಿ ಆರಂಭದ ಗಳಿಗೆಯನ್ನು ಆಕಾಶವೋ ಬೆಂಕಿಯೋ ನಿರ್ಣಯಿಸುತ್ತದೆ. ಮನಸ್ಸನ್ನು ಕೇಳುವವರೇ ಇಲ್ಲ. ಕಾಗದಪತ್ರಗಳ ಲೋಕಕ್ಕೆ ಬಂದ ನಾವು ಹದವನ್ನು ಕಳೆದುಕೊಂಡು, ಅದರ ಬದಲು ಗಡುವನ್ನು ಪಡೆದೆವು. ಹದವು ಆರಂಭವನ್ನು ಹೇಳುತ್ತದೆ. ಗಡುವು ಅಂತ್ಯವನ್ನು ಮಾತ್ರ ಹೇಳುತ್ತದೆ. ನಡುವಣ ಬಯಲೆಲ್ಲ ನಮ್ಮದೇ. ಅದರಲ್ಲಿಯೂ ಗಡುವು ಮುಂದಕ್ಕೆ ಹೋಗುವುದೆಂದು ಒಮ್ಮೆ ರುಚಿ ಕಂಡ ಜನರಿಗೆ ಅಂತ್ಯವೂ ಅಂತ್ಯವಲ್ಲ: ಪ್ಯಾನ್ ಸಂಖ್ಯೆಗೆ ಆಧಾರ್ ಜೋಡಿಸುವ ಕಾರ್ಯಕ್ಕೆ ಕೊಟ್ಟ ಅವಧಿಯು ಎಷ್ಟೋ ಸಲ ಮುಂದಕ್ಕೆ ಹೋಗಿ 2023ರ ಜೂನ್ 30ಕ್ಕೆ ನಿಂತಾಗ, ಮೊದಲು ಉಚಿತವಾಗಿದ್ದ ಅದಕ್ಕೆ 1,000 ರೂಪಾಯಿಗಳನ್ನು ತೆತ್ತು ಸರದಿಯಲ್ಲಿ ನಿಂತವರಲ್ಲಿ ಈ ಲೇಖಕನೂ ಒಬ್ಬ. ಕೆಲಸವು ತನಗೆ ಕೊಟ್ಟ ಕಾಲವನ್ನೆಲ್ಲ ತುಂಬಿಕೊಳ್ಳುವಂತೆ ಹಿಗ್ಗುವುದೆಂದು ಬ್ರಿಟಿಷ್ ಲೇಖಕ ಸಿ. ನಾರ್ತ್‌ಕೋಟ್ ಪಾರ್ಕಿನ್‌ಸನ್ನರು 1955ರಲ್ಲಿಯೇ ಬರೆದಿದ್ದರು. ದೂರದ ಊರಿನ ಸೋದರಸೊಸೆಗೆ ಒಂದು ಕಾರ್ಡು ಬರೆದು ಅಂಚೆಗೆ ಹಾಕುವುದರಲ್ಲಿ ಇಡೀ ದಿನವನ್ನು ಕಳೆಯುವ ಬಿಡುವಾದ ವೃದ್ಧೆಯೊಬ್ಬಳನ್ನು ಅವರು ಉದಾಹರಣೆಗೆ ಕೊಟ್ಟಿದ್ದಾರೆ. ಆಕೆ ಅದೇ ದಿನ ಕಾರ್ಡನ್ನು ಹಾಕಿದಳಲ್ಲ. ನನ್ನ ದೃಷ್ಟಿಯಲ್ಲಿ ಆಕೆ ವಂದನೀಯಳು.

ನಮಗಾದರೋ ಪಂಚಾಂಗವೂ ಸಹಾಯಕ್ಕಿದೆ. ಮಂಗಳವಾರ ಬೇಡ, ಬುಧವಾರ ಮಧ್ಯಾಹ್ನ ರಾಹುಕಾಲ, ಅಮಾವಾಸ್ಯೆ ಕಳೆಯಲಿ, ಆಷಾಢ ಮುಗಿಯಲಿ, ಪಿತೃಪಕ್ಷದಲ್ಲಿ ಹೊಸತೇನನ್ನು ಹಿಡಿಯುವುದು? ಒಳ್ಳೆಯ ಗಳಿಗೆಯನ್ನು ಹುಡುಕುವುದಕ್ಕಾಗಿ ಹುಟ್ಟಿದ ಶಾಸ್ತ್ರವನ್ನು ಯಾವ ಗಳಿಗೆಯೂ ಒಳ್ಳೆಯದಲ್ಲವೆಂದು ಸಾಧಿಸುವುದಕ್ಕೆ ಬಳಸುವುದರಲ್ಲಿ ನಾವು ತೋರಿದ ಪ್ರತಿಭೆ ಸಾಮಾನ್ಯವಾದುದಲ್ಲ.

ಆದರೆ ತಡೆದು ಮಾಡುವುದೆಲ್ಲ ದೋಷವೆಂದು ಯಾರೂ ತಿಳಿಯಬಾರದು. ಮೂರು ಮೀನುಗಳನ್ನು ಹೇಳಿದ ಅದೇ ಶಾಂತಿಪರ್ವದಲ್ಲಿ, ಕಾರ್ಯವನ್ನು ಬೇಗನೆ ಮಾಡಬೇಕೋ ತಡೆದು ಮಾಡಬೇಕೋ ಎಂದು ಯುಧಿಷ್ಠಿರನು ಕೇಳಿದಾಗ ಭೀಷ್ಮನು ಹೇಳುವುದು ಚಿರಕಾರಿಯ ಕಥೆಯನ್ನು. ಗೌತಮನು ಹೆಂಡತಿಯ ಮೇಲೆ ಕುಪಿತನಾಗಿ, ತಾಯಿಯನ್ನು ಕೊಲ್ಲೆಂದು ಮಗನಿಗೆ ಆಜ್ಞಾಪಿಸಿ ಕಾಡಿಗೆ ಹೋಗುತ್ತಾನೆ. ಮಗನು ಹೆಸರಿಗೆ ತಕ್ಕಂತೆ ಚಿರಕಾರಿ, ಯಾವುದನ್ನೂ ಬಹಳ ಹೊತ್ತು ಯೋಚಿಸದೆ ಮಾಡದವನು. ತಂದೆಯ ಮಾತು ದೊಡ್ಡದೋ ತಾಯಿಯ ಪ್ರಾಣ ದೊಡ್ಡದೋ ಎಂದು ಆತನು ಆಯುಧವನ್ನು ಹಿಡಿದು ಚಿಂತಿಸುತ್ತಿರುವಷ್ಟರಲ್ಲಿ, ಪಶ್ಚಾತ್ತಾಪದಿಂದ ಕಣ್ಣೀರಿಡುತ್ತ ಹಿಂದಿರುಗಿದ ಗೌತಮನು ಹೆಂಡತಿಯು ಬದುಕಿರುವುದನ್ನು ಕಂಡು, ಮಗನ ನಿಧಾನವನ್ನು ಹಾಡಿ ಹೊಗಳುತ್ತಾನೆ. ಕೋಪದ ಉತ್ತರ, ಆತುರದ ಸಹಿ, ಇನ್ನೊಬ್ಬರ ಮೇಲಣ ದೂರು, ಇವುಗಳನ್ನು ನಾಳೆಗೆ ಇಟ್ಟುಕೊಂಡವನು ಸಾಮಾನ್ಯವಾಗಿ ಕೆಡುವುದಿಲ್ಲ. ಚಿರಕಾರಿಗೂ ದೀರ್ಘಸೂತ್ರಿಗೂ ಇರುವ ಅಂತರವೆಂದರೆ, ಒಬ್ಬನು ಆ ಕೆಲಸದ ಎದುರಿಗೇ ನಿಂತು ಅದನ್ನೇ ಯೋಚಿಸುತ್ತಿರುತ್ತಾನೆ. ಇನ್ನೊಬ್ಬನು ಅದಕ್ಕೆ ಬೆನ್ನು ತಿರುಗಿಸಿ ಹಿತ್ತಾಳೆಯ ಪಾತ್ರೆಗಳನ್ನು ಬೆಳಗುತ್ತಿರುತ್ತಾನೆ. ನಿಧಾನವೂ ಹಾಗೆಯೇ ಬೇರೆ. 1853ರಲ್ಲಿ ಈ ನಾಡಿಗೆ ಬಂದ ಫರ್ಡಿನಾಂಡ್ ಕಿಟೆಲರ ಕನ್ನಡ-ಇಂಗ್ಲಿಷ್ ಕೋಶವು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು ಎಪ್ಪತ್ತು ಸಾವಿರ ಶಬ್ದಗಳನ್ನು ಒಂದೊಂದಾಗಿ ಚೀಟಿಗಿಳಿಸಿದವರ ವರ್ಷಗಳನ್ನು ಕಾಲವಿಳಂಬವೆಂದು ಕರೆಯುವ ಎದೆಗಾರಿಕೆ ಯಾರಿಗಿದೆ?

ಹಾಗಾದರೆ ಪರಿಹಾರವೇನು? ಮನಸ್ಸು ಬರಲಿ, ಆಮೇಲೆ ಹಿಡಿಯೋಣ ಎಂಬುದು ದೀರ್ಘಸೂತ್ರಿಯ ವೇದವಾಕ್ಯ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ತೊಡಕೇ ಇಲ್ಲಿಯೂ ಇದೆ: ಮನಸ್ಸು ಬರದೆ ಕೆಲಸ ಹಿಡಿಯನು, ಕೆಲಸ ಹಿಡಿಯದೆ ಮನಸ್ಸು ಬಾರದು. ಗಾದೆಯು ಈ ಗಂಟನ್ನು ಬಿಚ್ಚದೆ ಬಿಟ್ಟಿದ್ದರೂ ಅನುಭವವು ಒಂದು ಕಡೆಯಿಂದ ಬಿಚ್ಚಿದೆ, ಮದುವೆ ಮೊದಲು. ಬರ್ಲಿನ್ನಿನಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನರ ಶಿಷ್ಯೆಯಾಗಿದ್ದ ಮರಿಯಾ ಓವ್ಸ್ಯಾಂಕಿನಾ ಎಂಬಾಕೆ 1928ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕೈಹಿಡಿದ ಕೆಲಸವನ್ನು ನಡುವೆ ತಡೆದು ನಿಲ್ಲಿಸಿದರೆ, ಯಾರೂ ಹೇಳದಿದ್ದರೂ, ಯಾವ ಪ್ರತಿಫಲವಿಲ್ಲದಿದ್ದರೂ, ಜನರು ಅವಕಾಶ ಸಿಕ್ಕಿದೊಡನೆ ಅದಕ್ಕೇ ಹಿಂದಿರುಗುತ್ತಾರೆಂದು ತೋರಿಬಂದಿತು. ಆರಂಭಿಸದ ಕೆಲಸವು ದೆವ್ವದಂತೆ ಹೊರಗೆ ನಿಂತು ಕೂಗುತ್ತದೆ. ಆರಂಭಿಸಿದ ಕೆಲಸವು ಒಳಗೆ ಬಂದ ಕರುವಿನಂತೆ ತಾನಾಗಿ ಮೈಮೇಲೆ ಬೀಳುತ್ತದೆ. ಆದಕಾರಣ ಆರಂಭವನ್ನು ನಾಚಿಕೆಯಾಗುವಷ್ಟು ಚಿಕ್ಕದಾಗಿಸುವುದೇ ಉಪಾಯ. ತೆರಿಗೆಯ ಲೆಕ್ಕವನ್ನು ಬರೆಯಬೇಡಿ. ಬ್ಯಾಂಕಿನ ಪಾಸ್‌ಬುಕ್ಕನ್ನು ಹುಡುಕಿ ಮೇಜಿನ ಮೇಲಿಡಿ. ವ್ಯಾಯಾಮವನ್ನು ಮಾಡಬೇಡಿ, ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿಬನ್ನಿ.

ಎರಡನೆಯದು, ಸಂಕಲ್ಪಕ್ಕೆ ಸ್ಥಳಕಾಲಗಳನ್ನು ಕೊಡುವುದು. ಇದು ನಮ್ಮ ಪುರೋಹಿತರಿಗೆ ಮೊದಲಿಂದಲೂ ಗೊತ್ತಿದ್ದ ವಿಷಯ: ಸಂಕಲ್ಪ ಮಾಡಿಸುವಾಗ ಅವರು ದ್ವೀಪ, ಖಂಡ, ಸಂವತ್ಸರ, ಋತು, ಮಾಸ, ಪಕ್ಷ, ತಿಥಿಗಳೆಲ್ಲವನ್ನೂ ಹೇಳಿಸಿದ ಮೇಲಲ್ಲದೆ ಮಾಡತಕ್ಕ ಕರ್ಮದ ಹೆಸರನ್ನು ಎತ್ತುವುದಿಲ್ಲ. ಜರ್ಮನಿಯ ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ, ಕ್ರಿಸ್‌ಮಸ್ ಹಿಂದಿನ ಸಂಜೆಯನ್ನು ಹೇಗೆ ಕಳೆದಿರೆಂಬುದನ್ನು ಎರಡು ದಿನಗಳೊಳಗೆ ಬರೆದು ಕಳುಹಿಸಬೇಕೆಂದು ಹೇಳಿ, ಅವರಲ್ಲಿ ಒಂದು ಪಾಲಿನವರಿಂದ ಮಾತ್ರ ಎಲ್ಲಿ ಕುಳಿತು ಯಾವಾಗ ಬರೆಯುವರೆಂಬುದನ್ನು ಮೊದಲೇ ಬರೆಯಿಸಿಕೊಂಡರು. ಹಾಗೆ ಬರೆದುಕೊಟ್ಟವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮಾತು ಉಳಿಸಿಕೊಂಡರು. ಉಳಿದವರಲ್ಲಿ ಮೂರರಲ್ಲೊಂದು ಪಾಲು. ‘ನಾಳೆ ಬರೆಯುತ್ತೇನೆ’ ಎಂಬುದು ಆಶೆ. ‘ನಾಳೆ ಕಾಫಿಯಾದ ಮೇಲೆ ಪಡಸಾಲೆಯ ಮೇಜಿನಲ್ಲಿ ಕುಳಿತು ಬರೆಯುತ್ತೇನೆ’ ಎಂಬುದು ಹದವನ್ನು ನಾವೇ ಗೊತ್ತುಮಾಡಿಕೊಂಡ ಹಾಗೆ. ಆ ಮೇಜಿನಿಂದ ಮೊಬೈಲನ್ನು ಎದ್ದು ಹೋಗಿ ತರಬೇಕಾದಷ್ಟು ದೂರದಲ್ಲಿ ಇಡುವುದು ಉತ್ತಮ. ಮಡಿಲಲ್ಲೇ ಜಾತ್ರೆಯನ್ನಿಟ್ಟುಕೊಂಡು ಜಪಕ್ಕೆ ಕುಳಿತವರನ್ನು ನಾನು ಕಂಡಿಲ್ಲ.

ಎಚ್ಚರಿಸುವವರೊಬ್ಬರಿದ್ದರೆ ಇನ್ನೂ ಲೇಸು. ಇಂಗ್ಲೆಂಡಿನ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ನಲವತ್ತೇಳು ಕಾದಂಬರಿಗಳನ್ನು ಬರೆದ ಆಂಟನಿ ಟ್ರಾಲಪ್, ಬೆಳಗಿನ ಐದೂವರೆಗೆ ಮೇಜಿನ ಮುಂದಿರುತ್ತಿದ್ದುದೂ, ಗಡಿಯಾರವನ್ನಿಟ್ಟುಕೊಂಡು ಕಾಲು ಗಂಟೆಗೆ 250 ಶಬ್ದಗಳಂತೆ ಬರೆಯುತ್ತಿದ್ದುದೂ ಸಾಹಿತ್ಯಾಸಕ್ತರಿಗೆ ಗೊತ್ತಿರುವ ವಿಷಯ. ಆದರೆ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಇನ್ನೊಂದು ಮಾತನ್ನೂ ಹೇಳಿದ್ದಾರೆ: ತಮ್ಮನ್ನು ಎಬ್ಬಿಸುವುದಕ್ಕೆಂದು ಮುದಿ ಕುದುರೆಯಾಳಿಗೆ ವರ್ಷಕ್ಕೆ ಐದು ಪೌಂಡು ಹೆಚ್ಚಾಗಿ ಕೊಡುತ್ತಿದ್ದರಂತೆ, ತಮ್ಮ ಯಶಸ್ಸಿಗೆ ಇತರ ಯಾರಿಗಿಂತಲೂ ಆತನಿಗೇ ಹೆಚ್ಚು ಋಣಿಯೆಂದು ತೋರುತ್ತಿತ್ತಂತೆ. ಆ ಆಳು ಒಂದು ದಿನವೂ ತಡಮಾಡಲಿಲ್ಲ. ಮನೋದಾರ್ಢ್ಯವನ್ನು ಕೊಂಡುಕೊಳ್ಳಬಹುದಾದರೆ ಅದು ಅಗ್ಗದ ಬೆಲೆಯೇ.

ಮೂರನೆಯದು ಹೇಳುವುದಕ್ಕೆ ಸುಲಭ, ಒಪ್ಪುವುದಕ್ಕೆ ಕಷ್ಟ: ತಡಮಾಡಿದುದಕ್ಕಾಗಿ ತನ್ನನ್ನು ತಾನು ಕ್ಷಮಿಸಿಕೊಳ್ಳುವುದು. ನಮ್ಮಲ್ಲಿ ಹುಡುಗನು ಓದದಿದ್ದರೆ ಹಂಗಿಸುತ್ತೇವೆ, ನಾವು ಓದದಿದ್ದರೆ ನಮ್ಮನ್ನೇ ಹಂಗಿಸಿಕೊಳ್ಳುತ್ತೇವೆ. ಹಂಗಿಸಿದಷ್ಟೂ ಕೆಲಸವು ಚುರುಕಾಗುವುದೆಂದು ನಂಬುತ್ತೇವೆ. ಆದರೆ ಮುಂದೂಡಿಕೆಯು ಕಹಿಯಾದ ಭಾವದಿಂದ ಓಡುವ ಓಟವಾದರೆ, ಆ ಕಹಿಗೆ ನಾಚಿಕೆಯನ್ನೂ ಬೆರೆಸಿದರೆ ಓಟವು ಹೆಚ್ಚುವುದೇ ಹೊರತು ನಿಲ್ಲುವುದು ಹೇಗೆ? ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಮೆ ಮುಂದೂಡಿದರೆಂದು ಕಂಡುಬಂದಿದೆ. ಇದನ್ನು ಓದಿ ಹಿರಿಯರು ಹುಬ್ಬು ಗಂಟಿಕ್ಕಬಹುದು, ನಾನೂ ಗಂಟಿಕ್ಕಿದ್ದೆ. ಇಷ್ಟಾದರೂ ಕೆಲವರ ಕಾಲುಗಳು ಏಳುವುದೇ ಇಲ್ಲ. ತಿಂಗಳುಗಟ್ಟಲೆ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ನಿದ್ರೆ ಊಟಗಳೂ ಕೆಟ್ಟಿದ್ದರೆ, ಅಥವಾ ಚಿಕ್ಕಂದಿನಿಂದಲೂ ಗಮನವು ಎಲ್ಲಿಯೂ ನೆಲೆನಿಲ್ಲದಿದ್ದರೆ, ಅದು ದೀರ್ಘಸೂತ್ರತೆಯಲ್ಲ, ಚಿಕಿತ್ಸೆಗೆ ಒಳಪಡಬೇಕಾದ ಅಸ್ವಾಸ್ಥ್ಯವಿರಬಹುದು. ಅಂಥವರು ಮನೋವೈದ್ಯರನ್ನು ಕಾಣುವುದನ್ನು ಮಾತ್ರ ನಾಳೆಗಿಡಬಾರದು. ಸರ್ಕಾರದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಮನೆಯಿಂದಲೇ ಕರೆಮಾಡಿ ಮಾತನಾಡಬಹುದು, ಕನ್ನಡದಲ್ಲಿಯೇ.

ನನ್ನ ಕಾಗದದ ಗತಿಯೇನಾಯಿತೆಂದು ಓದುಗರು ಕೇಳದೆ ಬಿಡಲಾರರು. ಐದನೆಯ ತಿಂಗಳಿನಲ್ಲಿ ಒಂದು ಬೆಳಗ್ಗೆ, ಕಾಗದವನ್ನು ಬರೆಯುವ ವಿಚಾರವನ್ನೇ ಬಿಟ್ಟು, ಲಕೋಟೆಯೊಂದನ್ನು ತೆಗೆದುಕೊಂಡು ಅದರ ಮೇಲೆ ಅವನ ವಿಳಾಸವನ್ನು ಮಾತ್ರ ಬರೆದೆ. ವಿಳಾಸದಲ್ಲಿ ಸಂತಾಪವಿಲ್ಲ, ಸಮಜಾಯಿಷಿಯಿಲ್ಲ. ಅಂಚೆ, ತಾಲೂಕು, ಜಿಲ್ಲೆ, ಪಿನ್‌ಕೋಡು. ಆ ಲಕೋಟೆಯು ಎರಡು ದಿನ ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಮೂರನೆಯ ದಿನ ಅದರ ಹಸಿವನ್ನು ನೋಡಲಾರದೆ ಒಂದು ಹಾಳೆಯನ್ನು ಬರೆದು ಒಳಗಿಟ್ಟೆ. ತಡವಾದುದಕ್ಕೆ ಕಾರಣಗಳನ್ನು ಬರೆಯಲಿಲ್ಲ. ಒಂದು ಮಳೆಗಾಲದಲ್ಲಿ ಆಕೆ ನಮಗಿಬ್ಬರಿಗೂ ಕೆಸುವಿನ ಪತ್ರೊಡೆ ಬಡಿಸುತ್ತ, ನಮ್ಮ ಮೇಷ್ಟರ ನಡಿಗೆಯನ್ನು ಅನುಕರಿಸಿ ತೋರಿಸಿ ನಗಿಸಿದ್ದನ್ನು ಬರೆದೆ. ಬರೆದು ಮುಗಿಸುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು.

ವಾರದೊಳಗೆ ಕಾರ್ಡಿನಲ್ಲಿ ಉತ್ತರ ಬಂದಿತು. ತಡವಾದ ಪ್ರಸ್ತಾಪವೇ ಅದರಲ್ಲಿರಲಿಲ್ಲ. ಮೇಷ್ಟರ ನಡಿಗೆಯನ್ನು ತಾನು ಮರೆತೇಬಿಟ್ಟಿದ್ದೆನೆಂದೂ, ಅಡಕೆಗೆ ಈ ವರ್ಷ ಕೊಳೆರೋಗ ಹೆಚ್ಚೆಂದೂ ಬರೆದು, ಕೊನೆಯಲ್ಲಿ, ‘ನಿನ್ನ ಮಗಳ ಮದುವೆಯಲ್ಲಿ ತೆಗೆದ ಫೋಟೋಗಳಲ್ಲಿ ಅವಳದ್ದೊಂದು ಇರಬೇಕು. ನನ್ನ ಹತ್ತಿರ ಅವಳು ನಗುತ್ತಿರುವುದು ಯಾವುದೂ ಇಲ್ಲ. ಸಿಕ್ಕಿದರೆ ಕಳಿಸು’ ಎಂದು ಬರೆದಿದ್ದನು.

ಫೋಟೋ ಸಿಕ್ಕಿದೆ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕಳುಹಿಸಿದರೆ ಚೆನ್ನಲ್ಲವೆ ಎಂದು ತೋರಿದ್ದರಿಂದ ಮೇಜಿನ ಖಾನೆಯಲ್ಲಿಟ್ಟಿದ್ದೇನೆ. ಇಟ್ಟು ಎಷ್ಟು ದಿನವಾಯಿತೆಂಬುದನ್ನು ಹೇಳುವುದಿಲ್ಲ. ಈ ಲೇಖನದ ಹಸ್ತಪ್ರತಿಯನ್ನು ಅಂಚೆಗೆ ಹಾಕಲೆಂದು ತಂದ ಎರಡು ದೊಡ್ಡ ಲಕೋಟೆಗಳಲ್ಲಿ ಒಂದು ಮಿಕ್ಕಿತ್ತು. ಈಗತಾನೆ ಅದರ ಮೇಲೆ ಅವನ ವಿಳಾಸವನ್ನು ಬರೆದಿಟ್ಟೆ.